ಬೆಳಗಾಗುವಷ್ಟರಲ್ಲಿ ಹಾರ್ಡ್ ಡಿಸ್ಕ್ ಖಾಲಿ! ಅಳಿಸಿದ್ದು ಯಾರು?

ಹಾರ್ಡ್ ಡಿಸ್ಕ್‌ನಲ್ಲಿದ್ದ ಫೋಟೊಗಳೆಲ್ಲ ಒಮ್ಮೆಲೇ ಮಾಯವಾದರೆ ನಾವು ಮೊದಲು ಬೈಯುವುದು ವೈರಸ್ಸನ್ನು, ಆಮೇಲೆ ಮನೆಯ ಮಕ್ಕಳನ್ನು. ಸ್ಪೀಕರಿನ ಪಕ್ಕ ಇಟ್ಟಿದ್ದಕ್ಕೆ ಅದರ ಅಯಸ್ಕಾಂತ ಎಲ್ಲವನ್ನೂ ಅಳಿಸಿಹಾಕಿತು ಎನ್ನುವವರೂ ಇದ್ದಾರೆ. ಈ ಕೊನೆಯ ಅನುಮಾನವನ್ನು ಬಿಟ್ಟುಬಿಡಬಹುದು. ಹಾರ್ಡ್ ಡಿಸ್ಕ್‌ನ ಹೊಟ್ಟೆಯೊಳಗೇ, ಮಾಹಿತಿ ಬರೆಯುವ ತಟ್ಟೆಯ ಪಕ್ಕದಲ್ಲೇ, ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳಿರುತ್ತವೆ.

ಹಾಗಾದರೆ ಡಿಸ್ಕ್ ತನ್ನಷ್ಟಕ್ಕೆ ತಾನೇ ಖಾಲಿಯಾಗುತ್ತದೆಯೇ? 2021ರ ಜೂನ್ ತಿಂಗಳಲ್ಲಿ ನಡೆದ ಒಂದು ಘಟನೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

ವೆಸ್ಟರ್ನ್ ಡಿಜಿಟಲ್ ಕಂಪನಿಯ 'ಮೈ ಬುಕ್ ಲೈವ್' ಎಂಬ ಡಿಸ್ಕ್ 2010ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಇದನ್ನು ಕಂಪ್ಯೂಟರ್‌ಗಲ್ಲ, ಮನೆಯ ಇಂಟರ್‌ನೆಟ್ ರೌಟರ್‌ಗೆ ಜೋಡಿಸುತ್ತಿದ್ದರು. ಹೊರಗಡೆ ಎಲ್ಲೇ ಇದ್ದರೂ ಮನೆಯ ಫೋಟೊ, ದಾಖಲೆಗಳನ್ನು ನೋಡಬಹುದು ಎನ್ನುವುದೇ ಅದರ ಆಕರ್ಷಣೆ. ಜೂನ್ 23 ಮತ್ತು 24ರಂದು ಹಲವು ದೇಶಗಳಲ್ಲಿ ಅದನ್ನು ಇಟ್ಟುಕೊಂಡಿದ್ದವರು ನೋಡಿದರೆ, ವರ್ಷಗಳಿಂದ ಕೂಡಿಟ್ಟಿದ್ದೆಲ್ಲ ಹೋಗಿತ್ತು. ಅನೇಕರ ಪಾಲಿಗೆ ಅದೊಂದೇ ಪ್ರತಿ.

ಡಿಸ್ಕ್ ಕೆಟ್ಟಿತ್ತೇ? ಕೆಟ್ಟ ಡಿಸ್ಕ್ ಸಾಮಾನ್ಯವಾಗಿ ಟಕಟಕ ಸದ್ದು ಮಾಡುತ್ತದೆ, ತಿರುಗುವುದೇ ಇಲ್ಲ, ಇಲ್ಲವೇ ಅರ್ಧಂಬರ್ಧ ಫೈಲುಗಳನ್ನು ತೋರಿಸುತ್ತದೆ. ಇಲ್ಲಿ ಫೋಲ್ಡರುಗಳು ಅಚ್ಚುಕಟ್ಟಾಗಿದ್ದವು, ಒಳಗೆ ಮಾತ್ರ ಏನೂ ಇರಲಿಲ್ಲ. ಮಾಲೀಕರು ತಮ್ಮ ಪಾಸ್‌ವರ್ಡ್ ಹಾಕಿದರೆ ಡಿಸ್ಕ್ ಅದನ್ನು ಒಪ್ಪಲಿಲ್ಲ. ಮನೆಗೆ ಕಳ್ಳ ನುಗ್ಗಿ ಸಾಮಾನು ಹೊತ್ತುಕೊಂಡು ಹೋದದ್ದಲ್ಲದೆ ಬೀಗವನ್ನೂ ಬದಲಿಸಿದಂತೆ! ಡಿಸ್ಕ್ ಬರೆದಿಟ್ಟುಕೊಳ್ಳುವ ದಿನಚರಿಯಲ್ಲಿ, ಅಂದರೆ ಲಾಗ್‌ನಲ್ಲಿ, ಸುಳಿವು ಸಿಕ್ಕಿತು. ಯಾರೋ ಅದಕ್ಕೆ 'ಫ್ಯಾಕ್ಟರಿ ರೀಸೆಟ್' ಆಜ್ಞೆ ಕೊಟ್ಟಿದ್ದರು. ಡಿಸ್ಕ್ ಕೆಟ್ಟಿರಲಿಲ್ಲ, ಹೇಳಿದ ಮಾತು ಕೇಳಿತ್ತು.

ಹೇಳಿದವರು ಯಾರು? ಮೊದಲ ಅನುಮಾನ ಕಂಪನಿಯ ಸರ್ವರ್ ಮೇಲೆ ಬಂತು. ಅಲ್ಲಿಗೆ ಯಾರೂ ನುಗ್ಗಿದ ಕುರುಹು ಸಿಗಲಿಲ್ಲ ಎಂದು ಕಂಪನಿ ಹೇಳಿತು. ದಾಳಿಕೋರರು ಇಂಟರ್‌ನೆಟ್‌ನಿಂದ ನೇರವಾಗಿ ಒಂದೊಂದು ಡಿಸ್ಕಿನ ಬಾಗಿಲು ತಟ್ಟಿದ್ದರು. ರೌಟರ್‌ನಲ್ಲಿ 'ಯುಪಿಎನ್‌ಪಿ' ಎಂಬ ಸೌಲಭ್ಯ ಚಾಲೂ ಇದ್ದರೆ, ಒಳಗಿನ ಉಪಕರಣಗಳು ಮನೆಯವರನ್ನು ಕೇಳದೆಯೇ ಹೊರಗಿನವರಿಗೆ ದಾರಿ ತೆರೆಯಬಲ್ಲವು. ಕೆಲವರು ತಾವೇ ಆ ದಾರಿ ತೆರೆದಿಟ್ಟಿರಲೂಬಹುದು.

ಬಾಗಿಲಿಗೆ ಬೀಗವಾದರೂ ಇರಬೇಕಲ್ಲ? ಇತ್ತು, ತೆಗೆದಿದ್ದರು. ರೀಸೆಟ್ ಮಾಡುವ ಮುನ್ನ 'ಕೇಳುತ್ತಿರುವವರು ಮಾಲೀಕರೇ?' ಎಂದು ಪರೀಕ್ಷಿಸುವ ಐದು ಸಾಲು ಪ್ರೋಗ್ರಾಂ ಡಿಸ್ಕಿನ ತಂತ್ರಾಂಶದಲ್ಲೇ ಇತ್ತು. ಆದರೆ ಪ್ರತಿ ಸಾಲಿನ ಮುಂದೆಯೂ ಎರಡು ಓರೆಗೆರೆ. ಈ ಗುರುತು ಕಂಡರೆ ಕಂಪ್ಯೂಟರ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ. 2011ರ ಏಪ್ರಿಲ್‌ನಲ್ಲಿ ಪಾಸ್‌ವರ್ಡ್ ಪರೀಕ್ಷೆಗಳನ್ನೆಲ್ಲ ಒಂದೇ ಕಡೆಗೆ ತರುವ ಕೆಲಸ ನಡೆದಿತ್ತು. ಆಗ ಆದ ತಪ್ಪು ಇದು ಎಂದು ಕಂಪನಿ ಆಮೇಲೆ ವಿವರಿಸಿತು. ಪ್ರತಿ ಕೋಣೆಯ ಕಾವಲುಗಾರನನ್ನು ಕಳಿಸಿ ಗೇಟಿನಲ್ಲಿ ಒಬ್ಬನನ್ನು ನಿಲ್ಲಿಸಿದರು. ಅವನ ಪಟ್ಟಿಯಲ್ಲಿ ಈ ಕೋಣೆಯನ್ನು ಸರಿಯಾಗಿ ಬರೆಯಲಿಲ್ಲ, ಅಷ್ಟೇ. ಹತ್ತು ವರ್ಷ ಅದು ಹಾಗೇ ಇತ್ತು.

ಇದಲ್ಲದೆ ಇನ್ನೊಂದು ದೋಷವೂ ಇತ್ತು. ಡಿಸ್ಕಿನ ಮೇಲೆ ಪೂರ್ತಿ ಹಿಡಿತ ಕೊಡುವ ಆ ದೋಷ 2018ರಲ್ಲೇ ಪತ್ತೆಯಾಗಿತ್ತು. ಆದರೆ ಈ ಡಿಸ್ಕಿಗೆ ಕೊನೆಯ ತಂತ್ರಾಂಶ ಬಂದದ್ದು 2015ರಲ್ಲಿ, ಹಾಗಾಗಿ ಯಾರೂ ಅದನ್ನು ಮುಚ್ಚಲಿಲ್ಲ. ಕೊಂಡವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ದೀಪ ಉರಿಯುತ್ತಿತ್ತು, ಫೈಲು ತೆರೆಯುತ್ತಿತ್ತು.

ಪೂರ್ತಿ ಹಿಡಿತ ಸಿಕ್ಕಿದ್ದವರು ಅಳಿಸಿದ್ದೇಕೆ ಎಂಬುದು ಮಾತ್ರ ಒಗಟು. ಒಂದು ಗುಂಪು ಈ ಡಿಸ್ಕುಗಳನ್ನು ಗುಟ್ಟಾಗಿ ತನ್ನ ಕೆಲಸಕ್ಕೆ ಬಳಸುತ್ತಿತ್ತು, ಎದುರಾಳಿ ಗುಂಪು ಅದನ್ನು ಹಾಳುಮಾಡಲು ರೀಸೆಟ್ ಒತ್ತಿತು ಎಂಬುದು ಒಬ್ಬ ಭದ್ರತಾ ತಜ್ಞರ ಊಹೆ. ಕೆಲವು ಡಿಸ್ಕುಗಳಲ್ಲಿ ಎರಡೂ ದೋಷಗಳನ್ನು ಬಳಸಿದ್ದು ಒಬ್ಬರೇ ಎಂದು ಕಂಪನಿ ಹೇಳಿದ್ದರಿಂದ ಆ ಊಹೆಯೂ ಪೂರ್ತಿ ನಿಲ್ಲಲಿಲ್ಲ.

ಹೋದದ್ದು ಮರಳಿ ಬಂತೇ? ಕಂಪನಿ ಉಚಿತವಾಗಿ ಮಾಹಿತಿ ಮರುಪಡೆದು ಕೊಡುವ ಸೇವೆಯನ್ನು ಪ್ರಕಟಿಸಿತು. ಇದು ಸಾಧ್ಯವಾಗಲು ಕಾರಣವಿದೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್‌ನಲ್ಲಿ ಫೈಲು ಅಳಿಸುವುದೆಂದರೆ ಸಾಮಾನ್ಯವಾಗಿ ಪುಸ್ತಕದ ಪರಿವಿಡಿ ಹರಿದಂತೆ. ಪುಟಗಳು ಇನ್ನೂ ಅಲ್ಲೇ ಇರುತ್ತವೆ, ಅವುಗಳ ಮೇಲೆ ಹೊಸದೇನಾದರೂ ಬರೆಯುವವರೆಗೆ. ಆದ್ದರಿಂದ ನಿಮ್ಮ ಡಿಸ್ಕ್ ಖಾಲಿಯಾಗಿ ಕಂಡರೆ ಇಂಟರ್‌ನೆಟ್ ತಂತಿ ಕಿತ್ತು, ಡಿಸ್ಕ್ ಆಫ್ ಮಾಡಿ. ಗಾಬರಿಯಲ್ಲಿ ಅದೇ ಡಿಸ್ಕಿಗೆ ರಿಕವರಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಉಳಿದಿದ್ದ ಪುಟದ ಮೇಲೆ ನಾವೇ ಮಸಿ ಚೆಲ್ಲುತ್ತೇವೆ.

ಫೋನಿನ ಕಥೆ ಬೇರೆ. ಈಗಿನ ಫೋನುಗಳಲ್ಲಿ ಎಲ್ಲ ಮಾಹಿತಿಯೂ ಗೂಢಲಿಪಿಯಲ್ಲಿರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ. 'ರೀಸೆಟ್ ಆದ ಫೋನಿನ ಫೋಟೊ ವಾಪಸ್ ತರುವ ಆ್ಯಪ್' ಎಂಬ ಫಾರ್ವರ್ಡ್ ನಿಮಗೂ ಬಂದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ರೀಸೆಟ್‌ಗೆ ಮೊದಲೇ ಆ ಫೋಟೊಗಳ ಪ್ರತಿ ಮೆಮೊರಿ ಕಾರ್ಡಿನಲ್ಲೋ, ಗೂಗಲ್ ಫೋಟೋಸ್‌ನಲ್ಲೋ, ಬೀರುವಿನಲ್ಲಿಟ್ಟ ಇನ್ನೊಂದು ಡಿಸ್ಕಿನಲ್ಲೋ ಇದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.