ಕೀಬೋರ್ಡಿಗೆ ದಣಿವಿಲ್ಲ, ಕಿವಿಗೆ ಉಂಟು

ಕಳೆದ ಮಳೆಗಾಲದಲ್ಲಿ ಹುಲಗೋಳದ ಕಡೆಯ ಯುವಕನೊಬ್ಬ ತಾಯಿಯೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದ. ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುವ ಹುಡುಗ. "ಡಾಕ್ಟ್ರೇ, ಬಲಗಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಆಗ್ತದೆ. ರಾತ್ರಿಯೂ ನಿಲ್ಲುವುದಿಲ್ಲ" ಎಂದ. "ಮೂರು ದಿನದಿಂದ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡ್ತಾ ಇದ್ದೇನೆ" ಎಂದರು ತಾಯಿ. ಕಿವಿಯಲ್ಲಿ ಎಣ್ಣೆಯೂ ಇತ್ತು, ಗುಗ್ಗೆಯೂ ಇತ್ತು, ಜೊತೆಗೆ ನೆಗಡಿ. ಗುಗ್ಗೆ ತೆಗೆದು, ನೆಗಡಿಗೆ ಮಾತ್ರೆ ಬರೆದು, ವಾರ ಬಿಟ್ಟು ಬಾ ಎಂದು ಕಳುಹಿಸಿದೆ. ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಅಂದು ನಾನು ಕೇಳಲಿಲ್ಲ.

ವಾರದ ನಂತರ ಬಂದಾಗ ಜೀರುಂಡೆ ಹಾಗೆಯೇ ಇತ್ತು. ಬಲಗಿವಿಗೆ ಫೋನ್ ಹಿಡಿದರೆ ದನಿ ಕೇಳುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ ಎಂದ. ಆಗ ಕೇಳಿದೆ: "ಇದು ಶುರುವಾಗುವ ಮುನ್ನ ಏನಾದರೂ ದೊಡ್ಡ ಸದ್ದು ಕೇಳಿದ್ದೆಯಾ?" ಹುಡುಗ ತಾಯಿಯ ಮುಖ ನೋಡಿದ. ಸಂಬಳ ಕೂಡಿಸಿ ಹಳೆಯ ಸಿಂಥಸೈಜರ್ ಒಂದನ್ನು ಕೊಂಡಿದ್ದನಂತೆ. ಎಂಬತ್ತರ ದಶಕದ್ದು, ಜಪಾನಿನದು. ಮನೆಯವರಿಗೆ ತೊಂದರೆಯಾಗಬಾರದೆಂದು ರಾತ್ರಿ ಹೆಡ್‌ಫೋನ್ ಹಾಕಿ ನುಡಿಸುತ್ತಿದ್ದ.

ಸಿಂಥಸೈಜರ್ ಎಂದರೆ, ಯಾವ ಕಂಪನಿಯದಾದರೂ ನಮ್ಮಲ್ಲಿ 'ಕ್ಯಾಸಿಯೊ' ಎಂದೇ ಕರೆಸಿಕೊಳ್ಳುವ ಕೀಬೋರ್ಡಿನ ಹಿರಿಯಣ್ಣ. ತಂತಿ, ಚರ್ಮ, ಗಾಳಿ ಯಾವುದೂ ಇಲ್ಲದೆ ವಿದ್ಯುತ್ತಿನಿಂದಲೇ ನಾದ ಹುಟ್ಟಿಸಿ, ಗುಂಡಿಗಳನ್ನು ತಿರುಗಿಸಿ ಅದಕ್ಕೆ ಬೇಕಾದ ರೂಪ ಕೊಡುವ ವಾದ್ಯ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಯಂತ್ರದಿಂದ ಇದು ಹೆಸರಾಯಿತು. ಮುಂಬೈಯ ಚರಣಜಿತ್ ಸಿಂಗ್ ಎಂಬ ವಾದಕರು 1982ರಲ್ಲಿ ರೋಲಾಂಡ್ ಕಂಪನಿಯ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿ ನುಡಿಸಿದರು. ಆಗ ಯಾರೂ ಅಷ್ಟಾಗಿ ಗಮನಿಸದ ಆ ಧ್ವನಿಮುದ್ರಿಕೆ 2010ರಲ್ಲಿ ಮತ್ತೆ ಹೊರಬಂದಾಗ ಲೋಕವೆಲ್ಲ ಬೆರಗಾಯಿತು. ಇದನ್ನೆಲ್ಲ ನನಗೆ ಹೇಳಿದವನು ಆ ಹುಡುಗನೇ. ಹೇಳುವಾಗ ಅವನ ಮುಖದಲ್ಲಿ ಬಂದ ಕಳೆ ನೋಡಿ, ಬೈಯುವ ಮನಸ್ಸು ನನಗಾಗಲಿಲ್ಲ.

ಇಂಥ ವಾದ್ಯ ನಮಗೆ ಹೊರಗಿನದೇನೂ ಅಲ್ಲ. ಎಂಜಿನಿಯರೂ ಕೊಳಲು ವಾದಕರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ರೂಪಿಸಿದರು. ಇಂದು ಭಜನೆ ಇರಲಿ, ತಾಳಮದ್ದಳೆ ಇರಲಿ, ಶ್ರುತಿಗೆ ಅಂಥದೇ ಪೆಟ್ಟಿಗೆ.

ಆದರೆ ಓದುಗರೇ, ಒಂದು ವ್ಯತ್ಯಾಸ ಗಮನಿಸಿ. ಹಾರ್ಮೋನಿಯಂನ ತಿದಿ ಒತ್ತಿದರೆ ಕೈ ಸೋಲುತ್ತದೆ. ಕೊಳಲಿಗೆ ಉಸಿರು ಸೋಲುತ್ತದೆ. ವೀಣೆಯ ತಂತಿ ಮೀಟಿದ ಮರುಕ್ಷಣದಿಂದಲೇ ನಾದ ಇಳಿಯತೊಡಗುತ್ತದೆ. ವಾದ್ಯವೂ ವಾದಕನೂ ದಣಿಯುವುದರಿಂದ ಕಿವಿಗೆ ತಾನಾಗಿ ಬಿಡುವು ಸಿಗುತ್ತಿತ್ತು. ಸಿಂಥಸೈಜರಿನ ಒಂದು ಮನೆ ಒತ್ತಿ ಹಿಡಿದರೆ ಕರೆಂಟು ಇರುವತನಕ ಅದೇ ಬಲದಲ್ಲಿ ನುಡಿಯಬಲ್ಲದು. ಹಳೆಯ ಯಂತ್ರಗಳ ಇನ್ನೊಂದು ಗುಣ: ನಾದವನ್ನು ಸೋಸುವ 'ಫಿಲ್ಟರ್' ಗುಂಡಿಯನ್ನು ಅತಿಯಾಗಿ ತಿರುಗಿಸಿದರೆ ಅದೇ ಸಿಳ್ಳೆ ಹಾಕತೊಡಗುತ್ತದೆ. ಸೂಜಿಯಂಥ ತೀಕ್ಷ್ಣ ಸ್ವರ.

ನಮ್ಮ ಹುಡುಗನಿಗೆ ಆದದ್ದೂ ಅದೇ. ಹೊರಗೆ ಆಷಾಢದ ಮಳೆ, ಮೇಲೆ ತಗಡಿನ ಮಾಡು. ಮಳೆಯ ಸದ್ದಿನಲ್ಲಿ ವಾದ್ಯ ಕೇಳಿಸದೆ ದಿನಕ್ಕಿಷ್ಟು ದನಿ ಏರಿಸುತ್ತ ಹೋದ. ಒಂದು ರಾತ್ರಿ ಹೆಡ್‌ಫೋನಿನ ಒಂದು ಬದಿಯನ್ನು ಬಲಗಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಫಿಲ್ಟರ್ ತಿರುಗಿಸಿದ. ಸಿಳ್ಳೆ ಹೊಡೆಯಿತು. ಅಂದಿನಿಂದ ಜೀರುಂಡೆ.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಗದ್ದೆಯ ಪೈರನ್ನು ನೆನೆಯಿರಿ. ಸಾಧಾರಣ ಗಾಳಿಗೆ ಬಾಗಿ ಏಳುತ್ತದೆ. ಜೋರು ಗಾಳಿಗೆ ಮಲಗಿ, ಮರುದಿನ ಹೇಗೋ ನಿಲ್ಲುತ್ತದೆ. ಮದುವೆಮನೆಯ ಸೌಂಡ್ ಬಾಕ್ಸಿನ ಮುಂದೆ ಕುಳಿತು ಬಂದ ರಾತ್ರಿ ಕಿವಿ ಮಂದವಾಗಿ ಬೆಳಿಗ್ಗೆ ಸರಿಹೋಗುವುದು ಹೀಗೆ. ಮೇಲಿಂದ ಮೇಲೆ ಮಲಗಿದ ಪೈರು ಏಳುವುದಿಲ್ಲ. ಗದ್ದೆಯಲ್ಲಾದರೆ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು, ಮನುಷ್ಯನ ಒಳಕಿವಿಯಲ್ಲಿ ಮರುನಾಟಿ ಇಲ್ಲ.

ಸದ್ದಿನ ಹೊಡೆತ ಮೊದಲು ಬೀಳುವುದು ಸಾಮಾನ್ಯವಾಗಿ ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನಲ್ಲಿ. 88 ಮನೆಗಳ ಪಿಯಾನೊದ ತೀರ ಕೊನೆಯ ಮನೆಯ ಸ್ವರ 4,186 ಕಂಪನಗಳದು. ಅಂದರೆ ಯಾರೂ ಹೆಚ್ಚು ಮುಟ್ಟದ ಆ ತುದಿಯ ಮನೆಯ ಹತ್ತಿರವೇ ಕಿವಿ ಸವೆಯತೊಡಗುತ್ತದೆ. ಆದ್ದರಿಂದ ನುಡಿಸುವವನಿಗೆ ಬೇಗ ಗೊತ್ತೇ ಆಗುವುದಿಲ್ಲ. ಸ, ಶ, ತ, ಥ ಮುಂತಾದ ವ್ಯಂಜನಗಳ ಸ್ಪಷ್ಟತೆ ಹೆಚ್ಚಿನ ಕಂಪನಗಳಲ್ಲಿ ಇರುವುದರಿಂದ, ದನಿ ಕೇಳಿದರೂ ಮಾತು ತಿಳಿಯದಂತಾಗುತ್ತದೆ.

ಎಷ್ಟು ಸದ್ದು ಹೆಚ್ಚು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. ಈ ಗಣಿತ ಮೋಸದ್ದು: 3 ಡೆಸಿಬೆಲ್ ಏರಿಕೆ ಕಿವಿಗೆ ಅಷ್ಟಾಗಿ ತಿಳಿಯುವುದೇ ಇಲ್ಲ. ಹಾಗೆ ಏರುತ್ತ 90ಕ್ಕೆ ಮುಟ್ಟಿದರೆ ವಾರಕ್ಕೆ ಉಳಿಯುವುದು ಸುಮಾರು ನಾಲ್ಕು ಗಂಟೆ ಮಾತ್ರ. ಇದಕ್ಕೆಲ್ಲ ಮೀಟರ್ ಬೇಕಿಲ್ಲ. ಸ್ಪೀಕರಿನಲ್ಲಿ ನುಡಿಸುವಾಗ ಒಂದು ಮಾರು ದೂರದವರೊಡನೆ ಕೂಗಿ ಮಾತಾಡಬೇಕಾಗಿ ಬಂದರೆ ಸದ್ದು ಹೆಚ್ಚಾಗಿದೆ.

ಹೆಡ್‌ಫೋನ್ ಧರಿಸುವ ಮುನ್ನ ದನಿಯ ಗುಂಡಿಯನ್ನು ಸೊನ್ನೆಗೆ ತನ್ನಿ, ಧರಿಸಿದ ಮೇಲೆ ನಿಧಾನ ಏರಿಸಿ. ಫಿಲ್ಟರಿನಂಥ ಗುಂಡಿಗಳ ಪ್ರಯೋಗವನ್ನು ಸ್ಪೀಕರಿನಲ್ಲಿ, ಸಣ್ಣ ದನಿಯಲ್ಲೇ ಮಾಡಿ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದರೆ ಮಳೆಯೊಡನೆ ಪೈಪೋಟಿ ಬೇಕಾಗುವುದಿಲ್ಲ. ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬನ್ನಿ. ವಾದ್ಯ ದಣಿಯದಿದ್ದರೆ ನೀವೇ ದಣಿಯಬೇಕು!

ಹಳೆಯ ಯಂತ್ರ ಕೊಳ್ಳುವವರಿಗೆ ಇನ್ನೆರಡು ಮಾತು. ಒಳಗೆ ಬ್ಯಾಟರಿ ಸೋರಿ ಕಟ್ಟಿದ ಬಿಳಿಪುಡಿ ಕ್ಷಾರದ್ದು. ಬರಿಗೈಯಲ್ಲಿ ಕೆರೆದು ಕಣ್ಣುಜ್ಜಿಕೊಳ್ಳಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಲವು ಭಾಗಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ಬಿಚ್ಚುವ ಕೆಲಸ ತಿಳಿದವರಿಗೇ ಇರಲಿ. ಮಕ್ಕಳ ಆಟದ ಕೀಬೋರ್ಡಿನ ಗುಂಡಿಯಾಕಾರದ ಸೆಲ್ಲನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟು ಗಾಯವಾಗಬಹುದು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೊರಡಿ.

ದೊಡ್ಡ ಸದ್ದಿನ ನಂತರ, ಅಥವಾ ಯಾವ ಕಾರಣವೂ ಕಾಣದೆಯೂ, ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಕಿವಿ ತಜ್ಞರನ್ನು ಅಂದೋ ಮರುದಿನವೋ ಕಾಣಬೇಕು. ಸ್ಟೀರಾಯ್ಡ್ ಚಿಕಿತ್ಸೆ ಕೊಡುವುದಿದ್ದರೆ ಮೊದಲ ದಿನಗಳೇ ಮುಖ್ಯ. ಎರಡು ವಾರ ಕಳೆದರೆ ಫಲ ಬಹಳ ಕಡಿಮೆ. ಎಣ್ಣೆ ಬಿಟ್ಟು ಕಾಯಬೇಡಿ. ನನ್ನಂತೆ ಗುಗ್ಗೆ ತೆಗೆದು ಕಳುಹಿಸುವ ವೈದ್ಯರಿಗೆ, ಸದ್ದಿನ ಸಂಗತಿಯನ್ನು ನೀವೇ ಮೊದಲು ಹೇಳಿ.

ಹುಡುಗನನ್ನು ಹುಬ್ಬಳ್ಳಿಯ ತಜ್ಞರಲ್ಲಿಗೆ ಕಳುಹಿಸಿದಾಗ ಹತ್ತು ದಿನ ಮೀರಿತ್ತು. ಚಿಕಿತ್ಸೆಯಿಂದ ಶ್ರವಣ ಸ್ವಲ್ಪ ಮರಳಿತು. ಪರೀಕ್ಷೆಯ ಗೆರೆಯಲ್ಲಿ 4,000ದ ಬಳಿಯ ತಗ್ಗು ಹಾಗೇ ಉಳಿದಿದೆ. ಜೀರುಂಡೆ ಈಗ ದೂರದ ಮರಕ್ಕೆ ಹೋಗಿದೆಯಂತೆ, ಪೂರ್ತಿ ಹೋಗಿಲ್ಲ.

ಅವನ ಪರೀಕ್ಷೆಯ ನೆವದಲ್ಲಿ ಅಜ್ಜನ ಕಿವಿಯನ್ನೂ ನೋಡಿಸಿದರು. ಚೆಂಡೆಯ ಪಕ್ಕದಲ್ಲಿ ಎಷ್ಟೋ ವರ್ಷ ಕುಳಿತು ಪದ ಹೇಳಿದವರು ಅವರು. ಮನೆಯ ಶ್ರುತಿಪೆಟ್ಟಿಗೆಯ ದನಿ ವರ್ಷವರ್ಷಕ್ಕೂ ಏರುತ್ತಿದ್ದದ್ದನ್ನು ಸೊಸೆ ಬಲ್ಲರು, ಅಜ್ಜ ಒಪ್ಪಿರಲಿಲ್ಲ. ಶ್ರವಣಯಂತ್ರ ಹಾಕಿಕೊಂಡ ಮೊದಲ ಸಂಜೆ ಪೆಟ್ಟಿಗೆ ಹಚ್ಚಿ, "ಇದನ್ನು ಇಷ್ಟು ಜೋರು ಇಟ್ಟವರು ಯಾರು?" ಎಂದು ಗದರಿ, ತಾವೇ ಗುಂಡಿ ತಿರುಗಿಸಿದರಂತೆ.