ಮಧುಮೇಹದ ಗುರಿ ಎಲ್ಲರಿಗೂ ಒಂದೇ ಅಲ್ಲ

ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇವರು ವರ್ಷದಲ್ಲಿ ವೈದ್ಯರೆದುರು ಕೂರುವುದು ಕೆಲವೇ ಸಲ, ಅದೂ ಕೆಲವೇ ನಿಮಿಷ. ಏನು ಉಣ್ಣಬೇಕು, ಎಷ್ಟು ನಡೆಯಬೇಕು, ಮುಗಿದ ಮಾತ್ರೆಯನ್ನು ಈಗಲೇ ಕೊಳ್ಳಬೇಕೋ ಕೂಲಿ ಸಿಗುವವರೆಗೆ ತಡೆಯಬೇಕೋ ಎಂದು ಉಳಿದ ದಿನಗಳಲ್ಲಿ ತೀರ್ಮಾನಿಸುವವರು ಅವರೇ. ಆದ್ದರಿಂದ ರೋಗಿಯ ಬದುಕನ್ನು ಕೇಳಿ ತಿಳಿಯದೆ ಬರೆದ ಔಷಧದ ಚೀಟಿ ವೈಜ್ಞಾನಿಕವಾಗಿಯೂ ಅರೆಬರೆ ಎಂಬುದು ನನ್ನ ವಾದ.

ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಕಥೆಯನ್ನೇ ನೋಡಿ. ಹೊಸದಾಗಿ ಮಧುಮೇಹ ಪತ್ತೆಯಾದವರಲ್ಲಿ ಈ ಅಂಕಿಯನ್ನು 7.9ರ ಬದಲು 7ರ ಹತ್ತಿರ ಇರಿಸಿದರೆ ಕಣ್ಣು, ಮೂತ್ರಪಿಂಡಗಳಂಥ ಕಡೆ ಸಣ್ಣ ರಕ್ತನಾಳಗಳಿಗೆ ಆಗುವ ತೊಂದರೆ ಕಾಲುಭಾಗ ಕಡಿಮೆಯಾಗುತ್ತದೆಂದು ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ 1998ರಲ್ಲಿ ತೋರಿಸಿತು. ಹಾಗಾದರೆ ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೇ? ಅಮೆರಿಕ ಮತ್ತು ಕೆನಡಾದ ಅಕಾರ್ಡ್ ಪ್ರಯೋಗ ಇದನ್ನೇ ಪರೀಕ್ಷಿಸಿತು. ಹಳೆಯ ಮಧುಮೇಹದ ಜೊತೆ ಹೃದ್ರೋಗವೋ ಅದರ ಅಪಾಯವೋ ಇದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಂದು ಗುಂಪಿಗೆ 6ಕ್ಕಿಂತ ಕೆಳಗಿನ ಗುರಿ ಇಟ್ಟರು. ಆ ಗುಂಪಿನಲ್ಲಿ ಸಾವುಗಳು ಹೆಚ್ಚಾದವು. 2008ರಲ್ಲಿ ಆ ಕಟ್ಟುನಿಟ್ಟಿನ ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ಮೂವತ್ತೈದರ ಹರೆಯದಲ್ಲಿ ಈಗಷ್ಟೇ ಕಾಯಿಲೆ ಪತ್ತೆಯಾದವರಿಗೆ ಒಪ್ಪುವ ಗುರಿ, ಒಂಟಿಯಾಗಿ ಬಾಳುವ ಎಪ್ಪತ್ತೈದರ ಹೃದ್ರೋಗಿಗೆ ಅಪಾಯಕಾರಿ. ಗ್ಲಿಮೆಪಿರೈಡ್ ಮಾತ್ರೆ ನುಂಗಿ, ಊಟ ಮಾಡದೆ ಹೊಲಕ್ಕೆ ಹೋದವರ ಸಕ್ಕರೆ ಕುಸಿದರೆ ಪ್ರಜ್ಞೆಯೇ ತಪ್ಪಬಹುದು. ಅವರ ಊಟದ ಹೊತ್ತು ಯಾವುದೆಂದು ಯಾವ ಪ್ರಯೋಗಾಲಯವೂ ಹೇಳಲಾರದು. ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಗಳು 2012ರಲ್ಲಿ ಒಟ್ಟಾಗಿ, ಗುರಿಯನ್ನು ರೋಗಿಗೆ ತಕ್ಕಂತೆ, ಅವರೊಡನೆ ಮಾತಾಡಿಯೇ ನಿಗದಿಪಡಿಸಬೇಕೆಂದವು.

ರೋಗಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ಕಾಯಿಲೆ ಕೈಮೀರದೇ ಎಂದು ಕೆಲವರು ಕೇಳುತ್ತಾರೆ. ತಲೆಯಾಡಿಸಬೇಕೆಂದು ಯಾರೂ ಹೇಳುತ್ತಿಲ್ಲ. ರಾಗಿ ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರದು ಎಂದು ನಂಬಿದವರಿಗೆ ಅದರಲ್ಲೂ ಪಿಷ್ಟವಿದೆಯೆಂದು ವೈದ್ಯರು ಹೇಳಲೇಬೇಕು. ಆದರೆ ಮುದ್ದೆಯನ್ನೇ ಬಿಡಿಸುವ ಬದಲು ಗಾತ್ರ ಇಳಿಸಿ, ಸೊಪ್ಪು ಕಾಳು ಹೆಚ್ಚಿಸಿ ಎಂದರೆ ಆ ಸಲಹೆ ಮನೆಯಲ್ಲಿ ನಡೆಯುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಹೊರರೋಗಿ ವಿಭಾಗದ ಉದ್ದನೆಯ ಸಾಲಿನ ಮುಂದೆ ಕುಳಿತ ವೈದ್ಯರಿಗೆ ಇಷ್ಟೆಲ್ಲ ಕೇಳಲು ಸಮಯವೆಲ್ಲಿದೆ? ನಿಜಕ್ಕೂ ಇಲ್ಲ. ಆದರೆ ಎಲ್ಲವನ್ನೂ ವೈದ್ಯರೇ ಕೇಳಬೇಕಿಲ್ಲ. ಭಾರತ ಮತ್ತು ಪಾಕಿಸ್ತಾನದ ಹತ್ತು ಚಿಕಿತ್ಸಾಲಯಗಳಲ್ಲಿ 1,146 ರೋಗಿಗಳ ಮೇಲೆ ನಡೆದ ಕ್ಯಾರ್ಸ್ ಪ್ರಯೋಗದಲ್ಲಿ ವೈದ್ಯರಲ್ಲದ ಆರೈಕೆ ಸಂಯೋಜಕರು ರೋಗಿಗಳ ಬೆನ್ನಿಗೆ ನಿಂತರು; ಔಷಧ ಬದಲಿಸಬೇಕಾದಾಗ ಕಂಪ್ಯೂಟರ್ ವೈದ್ಯರಿಗೆ ಸೂಚನೆ ಕೊಡುತ್ತಿತ್ತು. ಸಕ್ಕರೆಯ ಜೊತೆಗೆ ರಕ್ತದೊತ್ತಡ ಅಥವಾ ಕೊಲೆಸ್ಟ್ರಾಲ್ ಕೂಡ ಹತೋಟಿಗೆ ಬಂದವರು ಮಾಮೂಲಿ ಚಿಕಿತ್ಸೆಯಲ್ಲಿ ಶೇ. 8ರಷ್ಟಿದ್ದರೆ ಇಲ್ಲಿ ಶೇ. 18ರಷ್ಟಿದ್ದರು. ಶೇ. 18 ಎಂಬುದು ಇನ್ನೂ ಬಹಳ ಕಡಿಮೆ, ಒಪ್ಪುತ್ತೇನೆ. ಆದರೂ ಹೊಸ ದುಬಾರಿ ಔಷಧವಿಲ್ಲದೆ ಬಂದ ದುಪ್ಪಟ್ಟು ಫಲವನ್ನು ಸರ್ಕಾರ ಕಡೆಗಣಿಸಬಾರದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಈ ಕೆಲಸಕ್ಕೆಂದೇ ತರಬೇತಾದ ಒಬ್ಬ ದಾದಿಯನ್ನಾದರೂ ನೇಮಿಸಲಿ.