ಚರಿತ್ರೆಯ ವಿದ್ಯಾರ್ಥಿಯೂ ಆಧಾರಗಳ ಚೀಟಿಗಳೂ

ಚರಿತ್ರೆಯ ಪ್ರಬಂಧವನ್ನು ಬರೆಯಹೊರಟವರಲ್ಲಿ ಸಾಮಗ್ರಿ ದೊರೆಯದೆ ಕಷ್ಟಪಡುವವರಿಗಿಂತ, ದೊರೆತುದನ್ನು ಹೊಂದಿಸಲಾರದೆ ಕಷ್ಟಪಡುವವರೇ ಹೆಚ್ಚು. ಈ ಕಷ್ಟದ ಪರಿಹಾರವು ಟಿಪ್ಪಣಿ ಬರೆದುಕೊಳ್ಳುವ ಕ್ರಮದಲ್ಲಿದೆ. ಕೊಡಗು ಸಂಸ್ಥಾನವು 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವಶವಾದ ಸಂಗತಿಯನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಕ್ರಮವನ್ನು ವಿಚಾರಮಾಡೋಣ.

ಕೊಡಗಿನ ಚರಿತ್ರೆಗೆ ಆಧಾರಗಳು ಹಲವು ಬಗೆಯವು. ಲೂಯಿ ರೈಸರು 1886ರಲ್ಲಿ ಪ್ರಕಟಿಸಿದ ಶಾಸನಗಳ ಸಂಪುಟವಿದೆ. ದೊಡ್ಡ ವೀರರಾಜೇಂದ್ರನು ಕನ್ನಡದಲ್ಲಿ ಬರೆಯಿಸಿದ 'ರಾಜೇಂದ್ರನಾಮೆ'ಯಿದೆ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಪಾದ್ರಿಗಳು 1855ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥವಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಜನಪದದ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ 1924ರಲ್ಲಿ ಹೊರತಂದ 'ಪಟ್ಟೋಲೆ ಪಳಮೆ'ಯಿದೆ. ಇವುಗಳಲ್ಲದೆ ಐನ್‌ಮನೆಗಳ ಹಿರಿಯರ ನೆನಪಿನಲ್ಲಿ ಉಳಿದ ಮಾತುಗಳಿವೆ. ಒಂದನ್ನು ಅರಸನು ಬರೆಯಿಸಿದನು, ಒಂದನ್ನು ಪಾದ್ರಿಗಳು ಬರೆದರು, ಒಂದನ್ನು ಜನರು ಹಾಡಿಕೊಂಡು ಬಂದರು. ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು.

ಆದುದರಿಂದ ದಪ್ಪ ಪುಸ್ತಕವೊಂದರಲ್ಲಿ ಎಲ್ಲವನ್ನೂ ಬೆರಸಿ ಬರೆಯುವುದನ್ನು ಬಿಟ್ಟು, ಒಂದೇ ಅಳತೆಯ ಬಿಡಿ ಚೀಟಿಗಳನ್ನು ಇಟ್ಟುಕೊಳ್ಳುವುದು ಉತ್ತಮ. ಒಂದು ಚೀಟಿಗೆ ಒಂದೇ ಸಂಗತಿ. ತಲೆಯಲ್ಲಿ ವಿಷಯವನ್ನೂ ಇಸವಿಯನ್ನೂ ಬರೆಯಬೇಕು. ಬುಡದಲ್ಲಿ ಗ್ರಂಥದ ಹೆಸರು, ಕರ್ತೃ, ಪ್ರಕಟವಾದ ವರ್ಷ, ಪುಟ ಇವುಗಳನ್ನು ಕಾಣಿಸಬೇಕು. ಹಿರಿಯರಿಂದ ಕೇಳಿದ್ದಾದರೆ, ಹೇಳಿದವರು ಯಾರು, ಅವರಿಗೆ ಯಾರಿಂದ ತಿಳಿಯಿತು, ನಾವು ಕೇಳಿದ ದಿನ ಯಾವುದು ಎಂಬುದನ್ನು ಬರೆದಿಡಬೇಕು. ಗ್ರಂಥದ ಮಾತನ್ನು ಇದ್ದಂತೆಯೇ ತೆಗೆದುಕೊಂಡಾಗ ಉದ್ಧರಣ ಚಿಹ್ನೆ ಹಾಕಬೇಕು. ನಮ್ಮ ಸ್ವಂತ ಅಭಿಪ್ರಾಯವನ್ನು ಬೇರೆ ಬಣ್ಣದ ಮಸಿಯಲ್ಲಿ ಬರೆಯಬೇಕು.

ಇಷ್ಟು ಕಟ್ಟುನಿಟ್ಟು ಏಕೆಂದು ಕೆಲವರು ಕೇಳಬಹುದು. 'ಕೊಡಗಿನ ಪ್ರಜೆಗಳೆಲ್ಲರೂ ಕಂಪೆನಿಯ ಆಳ್ವಿಕೆಯನ್ನು ಒಮ್ಮನಸ್ಸಿನಿಂದ ಬಯಸಿದರು' ಎಂದು ವಿದ್ಯಾರ್ಥಿಯೊಬ್ಬನು ಬರೆದುಕೊಂಡು, ಆಧಾರವನ್ನು ಬರೆಯದೆ ಬಿಟ್ಟನೆಂದು ಭಾವಿಸೋಣ. ಎರಡು ತಿಂಗಳು ಕಳೆದರೆ ಅದು ಯಾರ ಮಾತೆಂಬುದು ಅವನಿಗೆ ಮರೆತಿರುತ್ತದೆ. ಸಿದ್ಧವಾದ ಸಂಗತಿಯೆಂದೇ ಅದು ಪ್ರಬಂಧವನ್ನು ಸೇರುತ್ತದೆ. ವಾಸ್ತವವಾಗಿ ಅದು, ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಬಳಿಕ ಕರ್ನಲ್ ಫ್ರೇಸರನು 1834ನೆಯ ಮೇ 7ರಂದು ಹೊರಡಿಸಿದ ಪ್ರಕಟಣೆಯ ವಾದ. ರಾಜ್ಯವನ್ನು ತೆಗೆದುಕೊಂಡವರ ಮಾತು. ಮೂರು ವರ್ಷ ತುಂಬುವಷ್ಟರಲ್ಲಿ, 1837ರಲ್ಲಿ, ಅಮರ ಸುಳ್ಯದಲ್ಲಿ ದಂಗೆಯೆದ್ದ ಜನರು ಮಂಗಳೂರಿನವರೆಗೂ ನಡೆದರು. ಒಮ್ಮನಸ್ಸೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಆದರೆ ಅದೇ ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪೆನಿಯು ಪದಕಗಳನ್ನು ಕೊಟ್ಟದ್ದೂ ಉಂಟು. ಎಲ್ಲರೂ ವಿರೋಧಿಸಿದರೆಂಬ ಮಾತೂ ಹಾಗೆಯೇ ನಿಲ್ಲದು.

ಈಗ ಪ್ರಕಟಣೆ, ದಂಗೆ, ಪದಕ ಈ ಮೂರು ಚೀಟಿಗಳನ್ನು ಕಾಲಕ್ರಮದಲ್ಲಿ ಮೇಜಿನ ಮೇಲೆ ಹರಡಿದರೆ, 'ಯಾರು ಬಯಸಿದರು, ಯಾರು ಬಯಸಲಿಲ್ಲ, ಏತಕ್ಕೆ?' ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಪ್ರಬಂಧಕ್ಕೆ ಬೇಕಾದುದು ಇಂತಹ ಪ್ರಶ್ನೆಯೇ. ಕಾಲಕ್ರಮದಲ್ಲಿ ಜೋಡಿಸಿದ ಚೀಟಿಗಳನ್ನು ಬಳಿಕ ಪ್ರಶ್ನೆಗಳಿಗೆ ತಕ್ಕಂತೆ ಕಟ್ಟುಗಳಾಗಿ ವಿಂಗಡಿಸಿಕೊಂಡರೆ, ಒಂದೊಂದು ಕಟ್ಟೂ ಪ್ರಬಂಧದ ಒಂದೊಂದು ಭಾಗವಾಗುತ್ತದೆ. ಯಾವ ಕಟ್ಟು ತೆಳ್ಳಗಿದೆಯೋ ಅಲ್ಲಿ ಇನ್ನೂ ಓದಬೇಕೆಂದು ತಿಳಿಯುತ್ತದೆ.

ಇನ್ನೊಂದು ಎಚ್ಚರಿಕೆ ಅವಶ್ಯ. ಮೂರು ಗ್ರಂಥಗಳು ಒಂದೇ ಮಾತನ್ನು ಹೇಳಿದ ಮಾತ್ರಕ್ಕೆ ಮೂವರು ಸಾಕ್ಷಿಗಳು ದೊರೆತಂತಾಗಲಿಲ್ಲ. ಹಿಂದಿನದನ್ನು ನೋಡಿ ಮುಂದಿನವರು ಬರೆದಿರಬಹುದು. ಮಾತಿನ ಮೂಲವನ್ನು ಹುಡುಕಿ, ಅದನ್ನೂ ಚೀಟಿಯಲ್ಲಿ ಗುರುತಿಸಬೇಕು.

ಮಡಿಕೇರಿಯ ಗದ್ದಿಗೆಯಲ್ಲಿ ಮಲಗಿರುವ ಅರಸರಾಗಲಿ, 1837ರಲ್ಲಿ ಪ್ರಾಣ ತೆತ್ತ ರೈತರಾಗಲಿ ಎದ್ದುಬಂದು ನಮ್ಮ ತಪ್ಪುಗಳನ್ನು ತಿದ್ದಲಾರರು. ಅವರ ವಿಷಯದಲ್ಲಿ ಅನ್ಯಾಯವಾಗದಂತೆ ನೋಡಿಕೊಳ್ಳುವ ಹೊಣೆಯು ಬರೆಯುವವನದು. ಚೀಟಿಯ ಬುಡದಲ್ಲಿ ಬರೆದಿಡುವ ಒಂದು ಸಾಲಿನಿಂದ ಆ ಹೊಣೆಯ ನಿರ್ವಹಣೆ ಮೊದಲಾಗುತ್ತದೆ.